ಬಿದಿರಿನ ಹಲಗೆಯಲ್ಲಿ ದೋಣಿ ಕಟ್ಟಬಹುದಾ? ತೇಗದ ಬದಲು ನಡೆಯುತ್ತಾ?

ಹೊಳೆದಂಡೆ · ಭಾನುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದ ಊರು. ಹೊಳೆಯ ಆಚೆ ನಮ್ಮದೊಂದು ಮುಕ್ಕಾಲು ಎಕರೆ ತೆಂಗಿನ ತೋಟ ಇದೆ. ರಸ್ತೆಯಲ್ಲಿ ಹೋದರೆ 14 ಕಿಲೋಮೀಟರ್, ಹೊಳೆ ದಾಟಿದರೆ ಹತ್ತು ನಿಮಿಷ. ಇಷ್ಟು ವರ್ಷ ಅಪ್ಪನ ಹರಿಗೋಲಿನಲ್ಲೇ ಓಡಾಟ. ಅದು ಗೊತ್ತಲ್ಲ, ನೇರ ಹೋಗು ಅಂದರೆ ಬುಗುರಿ ಥರ ಸುತ್ತುತ್ತದೆ. ಅಪ್ಪನ ಕೈಗೆ ಬಗ್ಗುತ್ತದೆ, ನನಗೆ ಬಗ್ಗಲ್ಲ.

ಅದಕ್ಕೆ 12 ಅಡಿಯ ಒಂದು ಸಣ್ಣ ದೋಣಿ ಕಟ್ಟೋಣ ಅಂತ ಹೊರಟಿದ್ದೇನೆ. ಎರಡು ಹುಟ್ಟು, ಇಬ್ಬರು ಜನ, ನೂರು ತೆಂಗಿನಕಾಯಿ, ಅಷ್ಟೇ. ಬಡಗಿ ತೇಗದ ಲೆಕ್ಕ ಹೇಳಿದಾಗ ಎದೆ ಝಲ್ಲೆಂದಿತು. ಮೈಸೂರಿನಲ್ಲಿ ನಮ್ಮ ಭಾವನ ಮನೆಯಲ್ಲಿ ನೆಲಕ್ಕೆ ಹಾಕಿಸಿ ಮಿಕ್ಕಿದ ಬಿದಿರಿನ ಹಲಗೆಗಳಿವೆ. ಬಿದಿರನ್ನು ಸೀಳಿ, ಅಂಟು ಹಚ್ಚಿ, ಪ್ರೆಸ್ಸಿನಲ್ಲಿ ಒತ್ತಿ ಮಾಡುತ್ತಾರಲ್ಲ, ಆ ಥರದ್ದು. 6 ಅಡಿ ಉದ್ದ, 15 ಮಿಲಿಮೀಟರ್ ದಪ್ಪ, ಕಂದು ಬಣ್ಣ, ಸುಮಾರು ನಲವತ್ತು ಹಲಗೆ. ಮಾರಿದವರು ವಾಟರ್‌ಪ್ರೂಫ್ ಅಂದಿದ್ದರಂತೆ. ಇದರಲ್ಲೇ ದೋಣಿ ಕಟ್ಟಿದರೆ ಹೇಗೆ? ಯಾರಾದರೂ ಮಾಡಿ ನೋಡಿದ್ದೀರಾ?

ಮೈಸೂರು ಮೆಕ್ಯಾನಿಕಲ್ · ಭಾನುವಾರ

ಅಣ್ಣ, ಧೈರ್ಯವಾಗಿ ಕಟ್ಟಿ. ಬಿದಿರು ಸ್ಟೀಲಿಗಿಂತ ಗಟ್ಟಿ ಅಂತ ನಮಗೆ ಕ್ಲಾಸಿನಲ್ಲೇ ಹೇಳಿದ್ದಾರೆ. ಬೆಂಗಳೂರು ಏರ್‌ಪೋರ್ಟಿನ ಟರ್ಮಿನಲ್ 2 ನೋಡಿದ್ದೀರಾ? 2022ರಲ್ಲಿ ಉದ್ಘಾಟನೆ ಆಯ್ತಲ್ಲ, ಚಾವಣಿ ತುಂಬ ಬಿದಿರೇ. ಅಲ್ಲಿ ನಡೆಯುವುದು ದೋಣಿಯಲ್ಲಿ ಯಾಕೆ ನಡೆಯಲ್ಲ?

ಬೈರಿಗೆ · ಭಾನುವಾರ

ಚಾವಣಿ ಮೇಲೆ ನೀರು ನಿಲ್ಲಲ್ಲ ಕಣಪ್ಪ. ದೋಣಿ ನೀರಿನ ಮೇಲೆ ನಿಲ್ಲಬೇಕು.

ನಾನು ಮಂಡ್ಯದಲ್ಲಿ ಮರಗೆಲಸ ಮಾಡೋನು, 22 ವರ್ಷ ಆಯ್ತು. ಈ ಬಿದಿರು ಹಲಗೆ ಮೂರು ಮನೆಗೆ ಹಾಕಿದ್ದೇನೆ. ಒಂದು ಮಾತು ಹೇಳ್ತೀನಿ. ಅಂಚಿನ ಹತ್ತಿರ ಬೈರಿಗೆ ಹಾಕದೆ ಸ್ಕ್ರೂ ಬಿಟ್ಟರೆ ಉದ್ದಕ್ಕೂ ಬಿರುಕು ಓಡುತ್ತದೆ. ತೇಗದಲ್ಲಿ ಹಾಗೆ ಓಡಲ್ಲ. ಆಮೇಲೆ ತೋಪಡದ ಅಲಗು ಎರಡು ಹಲಗೆಗೇ ಮೊಂಡಾಗುತ್ತದೆ. ಕೂಲಿಗಿಂತ ಸಾಣೆ ಖರ್ಚೇ ಜಾಸ್ತಿ.

ಅಂಟಿನ ನಂಟು · ಭಾನುವಾರ ರಾತ್ರಿ

ಒಂದು ಪ್ಲೈವುಡ್ ಕಾರ್ಖಾನೆಯ ಲ್ಯಾಬಿನಲ್ಲಿ 11 ವರ್ಷ ಕೆಲಸ ಮಾಡಿದವಳು ನಾನು. ಈಗ ಕುವೆಂಪುನಗರದಲ್ಲಿ ಮನೆ, ಮೊಮ್ಮಗಳು, ಇತ್ಯಾದಿ. ಆದರೂ ಈ ವಿಷಯ ಬಂದರೆ ಸುಮ್ಮನಿರಕ್ಕೆ ಆಗಲ್ಲ.

ಮೊದಲು ಸ್ಟೀಲಿನ ಮಾತು. ಎಳೆದು ನೋಡಿದರೆ ಬಿದಿರಿನ ಹೊರಮೈಯ ನಾರು ಸಾದಾ ಉಕ್ಕಿಗೆ ಪೈಪೋಟಿ ಕೊಡುತ್ತದೆ, ಅದು ಸುಳ್ಳಲ್ಲ. ಆದರೆ ಅದು ನಾರಿನ ಮಾತು, ಅದೂ ಉದ್ದಕ್ಕೆ ಎಳೆದಾಗ. ಬಾಗುವ ವಿಷಯಕ್ಕೆ ಬಂದರೆ ಬಿದಿರಿನ ಹಲಗೆ ಉಕ್ಕಿಗಿಂತ ಇಪ್ಪತ್ತು ಪಟ್ಟು ಮೆತ್ತಗೆ. ಬಾಗದೆ ನಿಲ್ಲುವ ಗುಣ ಅಳೆದರೆ ಉಕ್ಕಿನದು 200 ಗಿಗಾಪಾಸ್ಕಲ್, ಇದರದ್ದು 10ರ ಆಸುಪಾಸು. ತೇಗದ್ದು 12ರ ಹತ್ತಿರ. ಅಂದರೆ ನೀವು ಹೋಲಿಸಬೇಕಾದ್ದು ಉಕ್ಕಿನ ಜೊತೆ ಅಲ್ಲ, ತೇಗದ ಜೊತೆ. ಅಲ್ಲಿ ಬಿದಿರು ಸೋತಿಲ್ಲ, ಗೆದ್ದೂ ಇಲ್ಲ. ಮುರಿಯುವ ಬಲದಲ್ಲಿ ಎರಡೂ ಹೆಚ್ಚುಕಡಿಮೆ ಜೊತೆ ಜೊತೆಗೇ ಓಡುತ್ತವೆ.

ಬೈರಿಗೆ ಅಣ್ಣ ಹೇಳಿದ ಬಿರುಕಿಗೂ ಕಾರಣ ಇದೆ. ಮರದ ಬೊಡ್ಡೆಯಲ್ಲಿ ತಿರುಳಿನಿಂದ ತೊಗಟೆ ಕಡೆಗೆ ಅಡ್ಡಡ್ಡ ಹೋಗುವ ಕೋಶಗಳ ಸಾಲಿರುತ್ತದೆ. ಬಟ್ಟೆಗೆ ಹಾಕಿದ ಹೊಲಿಗೆ ಥರ ಅದು ನಾರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿದಿರು ಹುಲ್ಲಿನ ಜಾತಿ. ಅದಕ್ಕೆ ಆ ಅಡ್ಡ ಹೊಲಿಗೆಯೇ ಇಲ್ಲ. ಗಿಣ್ಣಿನಲ್ಲಿ ಮಾತ್ರ ನಾರು ಹೆಣೆದುಕೊಳ್ಳುತ್ತದೆ. ಅದಕ್ಕೇ ಕತ್ತಿಯ ಒಂದೇ ಏಟಿಗೆ ಉದ್ದಕ್ಕೆ ಸೀಳುತ್ತದೆ. ಅಲಗು ಮೊಂಡಾಗುವುದು ಬಿದಿರಿನ ಮೈಯಲ್ಲಿರುವ ಸಿಲಿಕಾದಿಂದ, ಮೇಲೆ ಹಾಕಿರುವ ಫ್ಯಾಕ್ಟರಿ ಪಾಲಿಶಿನಿಂದ.

ಇನ್ನು ಮುಖ್ಯ ಪ್ರಶ್ನೆ. ನಿಮ್ಮ ಹಲಗೆಯ ಅಂಟು ಯಾವುದು? ನೆಲದ ಹಲಗೆಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕುತ್ತಾರೆ. ಒರೆಸುವ ಬಟ್ಟೆಯ ನೀರು ತಡೆದುಕೊಳ್ಳುತ್ತದೆ, ಹೊಳೆಯ ನೀರು ತಡೆಯಲ್ಲ. ದೋಣಿಗೆ ಫೀನಾಲಿಕ್ ಬೇಕು, ರಿಸಾರ್ಸಿನಾಲ್ ಬೇಕು, ಇಲ್ಲ ಎಪಾಕ್ಸಿ ಬೇಕು. ಮತ್ತೆ, ಕಂದು ಬಣ್ಣ ಅಂದಿರಲ್ಲ, ಅದು ಹಚ್ಚಿದ ಬಣ್ಣ ಅಲ್ಲ. ಸೀಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿದಾಗ ಒಳಗಿನ ಸಕ್ಕರೆ ಕಂದಿ ಬರುವ ಬಣ್ಣ. ಬೇಯಿಸಿದ್ದು ಬೇಯಿಸದ ಬಿದಿರಿಗಿಂತ ಮೆತ್ತಗಿರುತ್ತದೆ.

ಹೊಳೆದಂಡೆ · ಸೋಮವಾರ

ಅಕ್ಕ, ಅಂಟು ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಡಬ್ಬದ ಮೇಲೆ ಏನೂ ಬರೆದಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಬೆಸ್ಟ್ ಕ್ವಾಲಿಟಿ ಗಮ್ ಸಾರ್" ಅಂತಾರೆ.

ಅಂಟಿನ ನಂಟು · ಸೋಮವಾರ

ಬೇಯಿಸಿ. ದೋಣಿ, ಹಡಗಿಗೆ ಹಾಕುವ ಮರೀನ್ ಪ್ಲೈವುಡ್‌ಗೆ ಐಎಸ್ 710 ಅಂತ ಒಂದು ಭಾರತೀಯ ಮಾನದಂಡ ಇದೆ. ಅದರಲ್ಲಿ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಡುತ್ತಾರೆ. ನಿಮಗೆ ಅಷ್ಟು ಬೇಡ. ನಾಲ್ಕು ಗಂಟೆ ಕುದಿಸಿ, ಒಂದು ದಿನ ಒಣಗಿಸಿ, ಮತ್ತೆ ನಾಲ್ಕು ಗಂಟೆ ಕುದಿಸಿ. ಯೂರಿಯಾ ಅಂಟಾದರೆ ಅಷ್ಟರಲ್ಲೇ ಬಾಯಿ ಬಿಡುತ್ತದೆ. ಅಡುಗೆ ಪಾತ್ರೆಯಲ್ಲಿ ಬೇಡ, ದಯವಿಟ್ಟು.

ಗಂಗೊಳ್ಳಿ ಗಾಳಿ · ಸೋಮವಾರ

ಮಾರಾಯ್ರೆ, ನಾನು ಕುಂದಾಪುರ ಕಡೆಯವ. ಹೊಟ್ಟೆಪಾಡಿಗೆ ಮೈಸೂರಿನಲ್ಲಿದ್ದೇನೆ. ನಮ್ಮ ಅಜ್ಜ ದೋಣಿ ಕಟ್ಟಿದವರು. ನಮ್ಮಲ್ಲಿ ದೋಣಿಗೆ ಹೆಬ್ಬಲಸು. ಕೇರಳದ ಓಟದ ದೋಣಿಗೂ ಅದೇ ಮರ, ಅವರು ಆಂಜಿಲಿ ಅಂತಾರೆ. ತೇಗಕ್ಕಿಂತ ಹಗುರ, ನೀರಲ್ಲಿ ಬೇಗ ಕೆಡುವುದಿಲ್ಲ. ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು.

ಒಂದು ಪ್ರಶ್ನೆ. 15 ಮಿಲಿಮೀಟರ್ ಹಲಗೆಯಲ್ಲಿ 12 ಅಡಿ ದೋಣಿ ಕಟ್ಟಿದರೆ ಎಷ್ಟು ತೂಕ ಆಗ್ತದೆ ಅಂತ ಲೆಕ್ಕ ಹಾಕಿದ್ರಾ? ಅದನ್ನು ದಡಕ್ಕೆ ಎಳೆಯುವವರು ಯಾರು?

ಮೈಸೂರು ಮೆಕ್ಯಾನಿಕಲ್ · ಸೋಮವಾರ

ಲೆಕ್ಕ ನಾನು ಹಾಕ್ತೀನಿ ಸಾರ್. ಮೈ ಹೊದಿಕೆ ಸುಮಾರು 6 ಚದರ ಮೀಟರ್ ಅಂದುಕೊಳ್ಳೋಣ. ಬಿದಿರಿನ ಹಲಗೆ ಒಂದು ಘನ ಮೀಟರಿಗೆ 680 ಕಿಲೋ ಹಿಡಿದರೆ ಬರೀ ಹಲಗೆಯೇ 61 ಕಿಲೋ. 6 ಮಿಲಿಮೀಟರ್ ಮರೀನ್ ಪ್ಲೈ ಆದರೆ 25 ಕಿಲೋ. ಅಯ್ಯೋ, ಇಷ್ಟು ವ್ಯತ್ಯಾಸ ಬರುತ್ತೆ ಅಂದ್ಕೊಂಡಿರಲಿಲ್ಲ.

ಹಾಗಾದರೆ ಬಿದಿರನ್ನೇ ತೆಳ್ಳಗೆ ಕೊಯ್ಸಿದರೆ? 6 ಮಿಲಿಮೀಟರಿಗೆ?

ಅಂಟಿನ ನಂಟು · ಸೋಮವಾರ

ಒಳ್ಳೆ ಪ್ರಶ್ನೆ ಪುಟ್ಟ. ಆದರೆ ಆ ಹಲಗೆಯಲ್ಲಿ ಎಲ್ಲ ನಾರೂ ಒಂದೇ ದಿಕ್ಕಿಗೆ. ತೆಳ್ಳಗೆ ಮಾಡಿದರೆ ಉದ್ದಕ್ಕೆ ಗಟ್ಟಿ ಇರುತ್ತದೆ, ಅಗಲಕ್ಕೆ ಹಪ್ಪಳದ ಥರ ಮುರಿಯುತ್ತದೆ. ಪ್ಲೈನಲ್ಲಿ ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ. ಹೊಳೆಯಲ್ಲಿ ಬಂಡೆಗೆ ತಾಗಿದರೆ ಏಟು ಯಾವ ಕಡೆಯಿಂದ ಬರುತ್ತದೆ ಅಂತ ಹೇಳಕ್ಕಾಗುತ್ತಾ?

ಇನ್ನೊಂದು ವಿಷಯ ತಲೆಯಲ್ಲಿಟ್ಟುಕೋ. ಹಲಗೆಯ ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ. ಅದಕ್ಕೇ ದೋಣಿಯವರಿಗೆ ಹಗುರ ಮರದ ಮೇಲೆ ಅಷ್ಟು ಪ್ರೀತಿ. ಅದೇ ತೂಕಕ್ಕೆ ದಪ್ಪ ಹಲಗೆ ಸಿಗುತ್ತದಲ್ಲ. ಬಿದಿರು ಈ ಆಟದಲ್ಲಿ ಸೋಲುತ್ತದೆ. ಬಿದಿರಿನ ನಾರನ್ನು ಜಜ್ಜಿ, ಅಂಟಿನಲ್ಲಿ ಅದ್ದಿ, ಭಾರಿ ಒತ್ತಡದಲ್ಲಿ ಒತ್ತುವ ಇನ್ನೊಂದು ಬಗೆಯ ಹಲಗೆ ಇದೆ. ಹೊರಾಂಗಣದ ಡೆಕ್ಕಿಗೆ ಹಾಕುತ್ತಾರೆ. ಅದು ಘನ ಮೀಟರಿಗೆ 1000 ಕಿಲೋ ದಾಟುತ್ತದೆ. ನೀರಿಗೆ ಹಾಕಿದರೆ ಮುಳುಗುತ್ತದೆ. ಮರದ ಬದಲಿ ಅಂತ ಹೆಸರು, ಗುಣ ಕಲ್ಲಿನದು!

ದಬ್ಬೆ · ಸೋಮವಾರ ರಾತ್ರಿ

ನಾವು ಮೈಸೂರು ಬಂಬೂ ಬಜಾರಿನ ಕಡೆಯವರು, ಮೇದರು. ತಾತ ಹರಿಗೋಲು ಹೆಣೆಯುತ್ತಿದ್ದರು. ನಾನು ಬುಟ್ಟಿ, ಮೊರ, ಏಣಿ. ಎಲ್ಲ ಓದಿದೆ. ನಗು ಬಂತು, ತಪ್ಪು ತಿಳಿಯಬೇಡಿ.

ಹೊಳೆದಂಡೆ ಅಣ್ಣ, ನಿಮ್ಮಪ್ಪನ ಹರಿಗೋಲು ಬಿದಿರಿನ ದೋಣಿಯೇ ಅಲ್ವಾ? ಅದರಲ್ಲಿ ಅಂಟು ಎಲ್ಲಿದೆ? ದಬ್ಬೆ ಮೇಲೆ ದಬ್ಬೆ ಹೆಣೆದಿರುತ್ತೇವೆ. ಬಂಡೆಗೆ ತಾಗಿದರೆ ಬಗ್ಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಒಂದು ದಬ್ಬೆ ಮುರಿದರೆ ಪಕ್ಕದ್ದು ಹಿಡಿಯುತ್ತದೆ. ನೀರು ತಡೆಯುವುದು ಬಿದಿರಿನ ಕೆಲಸ ಅಲ್ಲ. ಹಿಂದೆ ಚರ್ಮ ತಡೆಯುತ್ತಿತ್ತು. ಈಗ ಪ್ಲಾಸ್ಟಿಕ್ ಹಾಳೆ, ಗೋಣಿ, ಅದರ ಮೇಲೆ ಡಾಂಬರು. ಬಿದಿರು ಬರೀ ಮೂಳೆ, ನೀರು ಹೊರಗೇ ಇರಬೇಕು. ಬಿದಿರು ಸದಾ ಒದ್ದೆಯಾಗಿದ್ದರೆ ಒಂದೆರಡು ವರ್ಷಕ್ಕೆ ಮೆತ್ತಗಾಗುತ್ತದೆ. ತಾತ ಹೊಳೆಯಿಂದ ಬಂದ ತಕ್ಷಣ ಹರಿಗೋಲು ಮಗುಚಿ ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಕುಟ್ಟೆ. ಬಿದಿರಲ್ಲಿ ಗಂಜಿ ಇರುತ್ತದೆ, ಹುಳಕ್ಕೆ ಅದೇ ಊಟ. ಮೂರು ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಎಳೆಯದು ನೋಡಕ್ಕೆ ಚೆನ್ನ, ಆರು ತಿಂಗಳಿಗೆ ಹಿಟ್ಟು ಉದುರುತ್ತದೆ. ನಮ್ಮವರು ಕಡಿದು ಕೆರೆಯಲ್ಲಿ ನೆನೆ ಹಾಕುತ್ತಿದ್ದರು. ಗಂಜಿ ನೀರಿಗೆ ಹೋಗುತ್ತದೆ. ಆ ವಾಸನೆ ಮಾತ್ರ ಕೇಳಬೇಡಿ.

ಅಂಟಿನ ನಂಟು · ಸೋಮವಾರ ರಾತ್ರಿ

ದಬ್ಬೆ ಅವರೇ, ನನ್ನ 11 ವರ್ಷದ ಪಾಠ ನೀವು ಹತ್ತು ಸಾಲಲ್ಲಿ ಮುಗಿಸಿದಿರಿ. ನಿಮ್ಮ ಹೆಣಿಗೆಯನ್ನೇ ಹಿಡಿದು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ತಿಯವರು ಬಿದಿರು ಚಾಪೆಯ ಹಲಗೆ ಮಾಡಿದರು. ಹೆಣೆದ ಚಾಪೆಗಳನ್ನು ಫೀನಾಲಿಕ್ ಅಂಟಿನಲ್ಲಿ ಅದ್ದಿ ಒತ್ತುವುದು. ನಾರು ಓರೆಯಾಗಿ ಎರಡೂ ದಿಕ್ಕಿಗೆ ಇರುವುದರಿಂದ ಹಲಗೆಯನ್ನು ಮೂಲೆಯಿಂದ ಮೂಲೆಗೆ ತಿರುಚುವುದು ಕಷ್ಟ.

ಔಷಧಿ ವಿಷಯ: ಕುಟ್ಟೆಗೆ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ನೀರಿನಲ್ಲಿ ನೆನೆಸುತ್ತಾರೆ. ಮನೆಯೊಳಗೆ ಅದು ಸಾಕು. ದೋಣಿಯಲ್ಲಿ ಅದು ನೀರಿನ ಜೊತೆಗೇ ತೊಳೆದು ಹೋಗುತ್ತದೆ. ಹೊರಗಿನಿಂದ ಎಪಾಕ್ಸಿ ಮುಚ್ಚಿದರೆ ಮಾತ್ರ ಉಳಿಯುತ್ತದೆ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರದಲ್ಲಿ ದೋಣಿ ಮಾಡಿದ್ದೂ ಇದೇ ದಾರಿಯಲ್ಲಿ. ರಬ್ಬರ್ ಮರವೂ ಬಿದಿರಿನ ಹಾಗೇ ಬೇಗ ಕೆಡುವ ಜಾತಿ. ಮೊದಲು ಔಷಧಿ, ಮೇಲೆ ಫೈಬರ್‌ಗ್ಲಾಸ್ ಹೊದಿಕೆ.

ಬೈರಿಗೆ · ಮಂಗಳವಾರ

ನಮ್ಮ ಹಿತ್ತಿಲಲ್ಲಿ ಬಿದಿರು ಮೆಳೆ ಇದೆ. ಕಡಿದು ಸಾಗಿಸಕ್ಕೆ ಈಗಲೂ ಅರಣ್ಯ ಇಲಾಖೆ ಪಾಸ್ ಬೇಕಾ?

ದಬ್ಬೆ · ಮಂಗಳವಾರ

2017ರಲ್ಲಿ ಕೇಂದ್ರದ ಅರಣ್ಯ ಕಾನೂನು ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದರು. ಆದರೂ ನಾನು ಲಾರಿ ತುಂಬುವ ಮೊದಲು ಒಂದು ಸಲ ರೇಂಜ್ ಆಫೀಸಿನಲ್ಲಿ ಕೇಳಿಬಿಡ್ತೀನಿ. ದಾರಿಯಲ್ಲಿ ನಿಲ್ಲಿಸಿದವರಿಗೆ ಕಾನೂನು ಪಾಠ ಮಾಡೋದು ಯಾರು?

ಹೊಳೆದಂಡೆ · ಮುಂದಿನ ಭಾನುವಾರ

ಪರೀಕ್ಷೆ ಮುಗೀತು. ಫೋಟೋ ಸರಿ ಬಂದಿಲ್ಲ, ಅದಕ್ಕೇ ಬರೆದು ಹೇಳ್ತೀನಿ.

ಭಾವನ ಹಲಗೆಯಿಂದ 20 ಮಿಲಿಮೀಟರ್ ಅಗಲ, 15 ದಪ್ಪ, 4 ಅಡಿ ಉದ್ದದ ಪಟ್ಟಿ ಕೊಯ್ಸಿದೆ. ಹಳೇ ಬಾಗಿಲಿನ ತೇಗದಿಂದ ಅದೇ ಅಳತೆಯ ಪಟ್ಟಿಗಳು. ತಕ್ಕಡಿಯಲ್ಲಿ ಬಿದಿರು 249 ಗ್ರಾಂ, ತೇಗ 234. ಒಂದು ಮೀಟರ್ ಅಂತರದಲ್ಲಿ ಎರಡು ಇಟ್ಟಿಗೆ ಇಟ್ಟು, ಮೇಲೆ ಪಟ್ಟಿ ಮಲಗಿಸಿ, ನಡುವೆ 5 ಕಿಲೋ ಕಲ್ಲು ತೂಗಿಬಿಟ್ಟೆ. ತೇಗ 15 ಮಿಲಿಮೀಟರ್ ಬಗ್ಗಿತು, ಬಿದಿರು 20. ಆಮೇಲೆ ಬಕೆಟ್ ಕಟ್ಟಿ ಮರಳು ತುಂಬುತ್ತಾ ಹೋದೆ. ಬಿದಿರು 26 ಕಿಲೋಗೆ ಹೋಯಿತು, ತೇಗ 29ಕ್ಕೆ. ಅಕ್ಕ ಹೇಳಿದ ಹಾಗೇ, ಜೊತೆ ಜೊತೆಗೆ.

ಆದರೆ ಮುರಿದ ರೀತಿ ಬೇರೆ. ತೇಗ ಮೊದಲೇ ಚಟಚಟ ಅಂತ ಸುಳಿವು ಕೊಟ್ಟಿತು. ಬಿದಿರು ಏನೂ ಹೇಳಲಿಲ್ಲ. ಬಗ್ಗಿತು, ಬಗ್ಗಿತು, ಟಪ್! ಅರ್ಧದಿಂದ ತುದಿವರೆಗೂ ಅಂಟಿನ ಗೆರೆಯಲ್ಲೇ ಸೀಳಿಕೊಂಡಿತು. ಬಕೆಟ್ ಕಾಲ ಮೇಲೆ ಬಿತ್ತು. ಹೆಬ್ಬೆರಳ ಉಗುರು ಈಗ ನೇರಳೆ ಹಣ್ಣಿನ ಬಣ್ಣ.

ಇನ್ನೊಂದು ಪಟ್ಟಿಯನ್ನು ಮೂರು ದಿನ ತೊಟ್ಟಿ ನೀರಲ್ಲಿ ನೆನೆಸಿ ತೂಗಿದೆ. ಅದೇ 5 ಕಿಲೋಗೆ 26 ಮಿಲಿಮೀಟರ್ ಬಗ್ಗಿತು, 17 ಕಿಲೋಗೆ ಮುರಿಯಿತು. ದಪ್ಪವೂ ಊದಿತ್ತು.

ಕುದಿಸಿದ್ದು ನಮ್ಮ ಬಚ್ಚಲ ಹಂಡೆಯಲ್ಲಿ. ಅಮ್ಮ ಬೈದರು, ಸ್ನಾನದ ನೀರಿಗೆ ಕಷಾಯದ ಬಣ್ಣ ಬಂತು ಅಂತ. ಮೊದಲ ನಾಲ್ಕು ಗಂಟೆಗೆ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು. ಒಣಗಿಸಿ ಎರಡನೇ ಸಲ ಹಾಕಿದಾಗ ಒಂದು ಗಂಟೆಯೂ ಆಗಿರಲಿಲ್ಲ, ಇಸ್ಪೀಟ್ ಎಲೆ ಥರ ಒಂದೊಂದೇ ಸೀಳು ಬೇರೆಯಾಗಿ ತೇಲುತ್ತಿತ್ತು. ಸೀಳುಗಳು ಮಾತ್ರ ಗಟ್ಟಿಯಾಗೇ ಇದ್ದವು. ಕೆಟ್ಟಿದ್ದು ಅಂಟು ಒಂದೇ.

ವಾಟರ್‌ಪ್ರೂಫ್ ಅಂತೆ.

ಗಂಗೊಳ್ಳಿ ಗಾಳಿ · ಭಾನುವಾರ

ಹೊಳೆಯ ನಡುವೆ ಹೀಗಾಗಿದ್ದರೆ? ಕನ್ನಂಬಾಡಿ 124.80 ಅಡಿ ತುಂಬಿ ನೀರು ಬಿಟ್ಟ ದಿನ ಆಗಿದ್ದರೆ? ಹಂಡೆಯಲ್ಲೇ ಆದದ್ದು ದೊಡ್ಡ ಪುಣ್ಯ ಮಾರಾಯ್ರೆ. ಯಾವ ದೋಣಿ ಕಟ್ಟಿದರೂ ಲೈಫ್ ಜಾಕೆಟ್ ತಗೊಳ್ಳಿ.

ಮೈಸೂರು ಮೆಕ್ಯಾನಿಕಲ್ · ಭಾನುವಾರ

ಅಣ್ಣ, ಹಲಗೆಯ ಹೊರಗೆ ಪೂರ್ತಿ ಎಪಾಕ್ಸಿ ಬಳಿದರೆ ಒಳಗಿನ ಅಂಟಿಗೆ ನೀರೇ ತಾಗಲ್ಲವಲ್ಲ?

ಅಂಟಿನ ನಂಟು · ಭಾನುವಾರ

ಬಳಿದ ದಿನ ತಾಗಲ್ಲ. ಒಂದು ದಿನ ದಡದ ಕಲ್ಲಿಗೆ ಉಜ್ಜಿ ಗೆರೆ ಬೀಳುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಬಿದಿರು ಊದುತ್ತದೆ, ಊದಿದ್ದು ಎಪಾಕ್ಸಿಯನ್ನು ಒಳಗಿನಿಂದ ಸೀಳುತ್ತದೆ. ಒಳಗಿನ ಅಂಟೂ ನೀರು ತಡೆಯುವಂಥದ್ದಾಗಿದ್ದರೆ ಆ ಗೆರೆ ಬರೀ ರಿಪೇರಿ ಕೆಲಸ. ಯೂರಿಯಾ ಆಗಿದ್ದರೆ ದೋಣಿಯೇ ಹೋಯಿತು. ಜೊತೆಗೆ ಎಪಾಕ್ಸಿಗೆ ಬಿಸಿಲಾಗಲ್ಲ. ಮೇಲೆ ಬಣ್ಣ ಹೊಡೆಯಲೇಬೇಕು.

ಈ ಹಲಗೆ ಬಿಟ್ಟುಬಿಡಿ. ಆದರೆ ಬಿದಿರನ್ನು ಬಿಡಬೇಡಿ. ನಿಮ್ಮ ಹಂಡೆಯೇ ಹೇಳಿತಲ್ಲ, ಸೀಳು ಗಟ್ಟಿ ಅಂತ. ಮೈಗೆ ಮರೀನ್ ಪ್ಲೈ ಹಾಕಿ. ಉದ್ದಕ್ಕೆ ಎಳೆತ, ಬಾಗು ಎಲ್ಲಿ ಜಾಸ್ತಿಯೋ ಅಲ್ಲಿ ಬಿದಿರು ಹಾಕಿ. ಮೇಲಂಚಿನ ಪಟ್ಟಿ, ಹುಟ್ಟಿನ ಕೋಲು. ದಬ್ಬೆಯನ್ನು ನೀವೇ ಎಪಾಕ್ಸಿಯಲ್ಲಿ ಅಂಟಿಸಿ. ಹೊರಮೈಯ ಹಸಿರು ಸಿಪ್ಪೆ ಪೂರ್ತಿ ಹೆರೆದು ತೆಗೆಯಿರಿ. ಅದರಲ್ಲಿ ಮೇಣ ಇದೆ, ಅಂಟು ಹಿಡಿಯಲ್ಲ. ಗಿಣ್ಣುಗಳು ಒಂದರ ಪಕ್ಕ ಒಂದು ಬರದ ಹಾಗೆ ಜೋಡಿಸಿ.

ದಬ್ಬೆ · ಭಾನುವಾರ

ಕಿರುಬಿದಿರು ತಗೊಳ್ಳಿ, ಹೆಬ್ಬಿದಿರು ಬೇಡ. ಕಿರುಬಿದಿರು ಒಳಗೆ ಹೆಚ್ಚುಕಡಿಮೆ ತುಂಬಿರುತ್ತದೆ, ಟೊಳ್ಳು ಕಮ್ಮಿ. ಐದು ಮಿಲಿಮೀಟರಿಗೆ ಸೀಳಿ ಕೊಡ್ತೀನಿ. ಬಜಾರಿಗೆ ಬನ್ನಿ, ಆದರೆ ಬಲಿತದ್ದು ಸಿಗಕ್ಕೆ ಒಂದು ವಾರ ಕೊಡಿ.

ಬೈರಿಗೆ · ಭಾನುವಾರ

ಅಂಚಿನ ಪಟ್ಟಿಯನ್ನ ದೋಣಿಯ ಮೇಲೇ ಇಟ್ಟು ಬಗ್ಗಿಸಿ ಅಂಟಿಸಿ. ದೋಣಿಯೇ ಅಚ್ಚು. ತೆಳ್ಳಗಿನ ದಬ್ಬೆ ಹಬೆ ಇಲ್ಲದೆ ಬಗ್ಗುತ್ತದೆ. ಒಂದು ಮೊಳಕ್ಕೆ ಮೂರು ಕ್ಲಾಂಪ್. ಕಮ್ಮಿ ಹಾಕಿದರೆ ನನ್ನನ್ನ ಕೇಳಬೇಡಿ.

ಹೊಳೆದಂಡೆ · ಐದು ವಾರದ ಮೇಲೆ

ಅಪ್‌ಡೇಟ್. ಪ್ಲೈ ತುಂಡುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ತುಂಬಿ, ಮೇಲೆ ಗ್ಲಾಸ್ ಬಟ್ಟೆ ಅಂಟಿಸಿದ್ದೇನೆ. ಅಪ್ಪ ನೋಡಿ, ಇದೇನು ದೋಣಿನೋ ರವಿಕೆನೋ ಅಂದರು.

ದಬ್ಬೆ ಅಣ್ಣ ಕೊಟ್ಟ ಸೀಳಲ್ಲಿ ಮೊದಲು ಒಂದು ತುಂಡು ಅಂಟಿಸಿ ಮತ್ತೆ ಹಂಡೆಗೆ ಹಾಕಿದೆ. ಎರಡು ಸಲ ನಾಲ್ಕು ನಾಲ್ಕು ಗಂಟೆ. ಬಾಯಿ ಬಿಡಲಿಲ್ಲ. ಉಳಿ ಇಟ್ಟು ಎಬ್ಬಿಸಿದರೆ ಅಂಟಿನಲ್ಲಿ ಬಿಡಲಿಲ್ಲ, ಬಿದಿರಿನ ನಾರೇ ಕಿತ್ತುಬಂತು.

ಅಂಟಿನ ನಂಟು · ಅದೇ ದಿನ

ನಾರು ಕಿತ್ತರೆ ಪಾಸ್! ನಮ್ಮ ಲ್ಯಾಬಿನಲ್ಲೂ ಅದನ್ನೇ ನೋಡುತ್ತಿದ್ದೆವು.

ಗಂಗೊಳ್ಳಿ ಗಾಳಿ · ಅದೇ ದಿನ

ಹೊಲಿದ ದೋಣಿ ಅಂತ ನಿಮ್ಮ ಅಪ್ಪಯ್ಯ ನಗುವುದು ಬೇಡ. 2025ರಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗೂ ಹೊಲಿದದ್ದೇ. ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ. ಮೊಳೆ ಇಲ್ಲ.

ಹೊಳೆದಂಡೆ · ಅದೇ ದಿನ

ಅಪ್ಪನಿಗೆ ಓದಿ ಹೇಳಿದೆ. "ನಾರು ನಮ್ಮ ತೋಟದಲ್ಲೇ ಇತ್ತಲ್ಲೋ, ತಾಮ್ರಕ್ಕೆ ಯಾಕೆ ದುಡ್ಡು ಹಾಕಿದೆ" ಅಂತ ಈಗ ಅದಕ್ಕೂ ಬೈತಿದ್ದಾರೆ.

ಭಾವನ ನಲವತ್ತು ಹಲಗೆ ಕೊಟ್ಟಿಗೆಯ ಅಟ್ಟದಲ್ಲಿ ಕೂತಿದೆ, ಕಪಾಟು ಮಾಡಿಸ್ತೀನಿ. ಈ ವಾರ ಎಡಗಡೆಯ ಅಂಚಿನ ಪಟ್ಟಿ ಅಂಟಿಸಬೇಕು. ಬೈರಿಗೆ ಅಣ್ಣನ ಲೆಕ್ಕದಲ್ಲಿ 24 ಕ್ಲಾಂಪ್ ಬೇಕು, ನನ್ನ ಹತ್ತಿರ 9 ಇವೆ. ಯಾರ ಹತ್ತಿರವಾದರೂ ನಾಲ್ಕು ಇಂಚಿನ ಸಿ ಕ್ಲಾಂಪ್ ಇದ್ದರೆ ಎರಡು ದಿನಕ್ಕೆ ಕೊಡ್ತೀರಾ?

ಬೈರಿಗೆ · ಅದೇ ದಿನ

ನನ್ನ ಹತ್ತಿರ ಹನ್ನೆರಡು ಇದೆ. ಶನಿವಾರ ಬಂದು ತಗೊಂಡು ಹೋಗಿ. ಬರುವಾಗ ಎಳನೀರು ತನ್ನಿ. ಅಂಟು ಮೆತ್ತಿಸಿ ವಾಪಸ್ ಕೊಟ್ಟರೆ ಬಿಡಲ್ಲ.

ದಬ್ಬೆ · ಅದೇ ದಿನ

ಮೂರು ಕಮ್ಮಿ ಬಿತ್ತಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಎಳೆದು ಸುತ್ತಿ. ನಾವು ಅದರಲ್ಲೇ ಕೆಲಸ ಮಾಡೋದು.